ಸಂಕಮ್ಮ ಕೊಡದ ಭಾಷೆ

ಕನ್ನಡದಲ್ಲಿ ‘ಭಾಷೆ’ ಎಂದರೆ ಆಡುವ ನುಡಿಯೂ ಹೌದು, ಕೊಡುವ ಮಾತೂ ಹೌದು. ಮೊದಲನೆಯದನ್ನು ಸಾಹಿತ್ಯದ ತರಗತಿಯಲ್ಲಿ ಓದುತ್ತೇವೆ. ಎರಡನೆಯದು ಕಾನೂನಿನ ತರಗತಿಯ ಪಾಠ ಎಂಬುದು ನನಗೆ ತಿಳಿದದ್ದು ತಡವಾಗಿ. ಮಲೆ ಮಾದೇಶ್ವರ ಕಾವ್ಯದ ಮೇಲೆ ಸಂಶೋಧನೆ ಮಾಡುತ್ತಿರುವ ನಾನು, ಅದರಲ್ಲಿ ಹೆಜ್ಜೆಹೆಜ್ಜೆಗೂ ಬರುವ ಆಣೆ, ಭಾಷೆ, ಒಕ್ಕಲುತನ, ಕಾಣಿಕೆಗಳ ಲೆಕ್ಕ ಬಿಡಿಸಿಕೊಳ್ಳಲಾಗದೆ ಒಂದು ಸೆಮಿಸ್ಟರ್ ಕಾನೂನಿನ ಪ್ರಾಥಮಿಕ ಪಾಠಗಳಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ.

ಮೊದಲ ದಿನ ಮೇಷ್ಟ್ರು ಬೋರ್ಡಿನ ಮೇಲೆ ಒಂದು ಏಣಿ ಬರೆದರು. ಕೆಳಗಿನ ಮೆಟ್ಟಿಲಲ್ಲಿ ಊರಿನ ರೂಢಿ, ಅದರ ಮೇಲೆ ರಾಜ್ಯದ ಕಾಯ್ದೆ, ಅದರ ಮೇಲೆ ದೇಶದ ಕಾನೂನು ಮತ್ತು ಸಂವಿಧಾನ, ಎಲ್ಲಕ್ಕಿಂತ ಮೇಲೆ ದೇಶದೇಶಗಳ ನಡುವಿನ ಅಂತರರಾಷ್ಟ್ರೀಯ ಕಾನೂನು ಮತ್ತು ದೇಶಗಳನ್ನು ಮೀರಿ ನಿಲ್ಲುವ ರಾಷ್ಟ್ರಾತೀತ ಕಾನೂನು. ಎರಡನೆಯ ವಾರ ಅವರು ಕೇಳಿದ ಪ್ರಶ್ನೆ: ಒಬ್ಬರು ಕೊಟ್ಟ ಮಾತು ಅವರನ್ನು ಕಟ್ಟಿಹಾಕುವುದು ಯಾತಕ್ಕೆ? ತರಗತಿಯಲ್ಲಿ ಹಲವರು ಹಲವು ಉತ್ತರ ಕೊಟ್ಟರು. ನನಗೆ ಮಾತ್ರ ನೆನಪಾದದ್ದು ಮಾತನ್ನೇ ಕೊಡದ ಒಬ್ಬ ಹೆಂಗಸು.

ಸಂಕಮ್ಮನ ಸಾಲು ನಮ್ಮ ಕಡೆಯವರಿಗೆ ಗೊತ್ತಿರುವಂಥದ್ದೇ. ಸೋಲಿಗರ ನೀಲೇಗೌಡ ಜೇನು ಕೀಳಲು ಮಲೆಗೆ ಹೊರಡಬೇಕು. ಹೆಂಡತಿ ಸಂಕಮ್ಮ ಒಬ್ಬಳೇ ಉಳಿಯುತ್ತಾಳೆ. ಮಕ್ಕಳಿಲ್ಲ. ಹೊರಡುವ ಮುಂಚೆ ಅವನು ಬಲಗೈ ಭಾಷೆ ಕೇಳುತ್ತಾನೆ: ತಾನಿಲ್ಲದ ಹೊತ್ತಿನಲ್ಲಿ ಬೇರೆ ಗಂಡಸಿನ ಮುಖ ನೋಡುವುದಿಲ್ಲವೆಂದು ಅವಳು ಆಣೆಯಿಡಬೇಕು. ಸಂಕಮ್ಮ ಕೊಡುವುದಿಲ್ಲ. ಅವನು ಒತ್ತಾಯಿಸುತ್ತಾನೆ, ಹಿಂಸಿಸುತ್ತಾನೆ. ಆದರೂ ಅವಳು ಕೈ ನೀಡುವುದಿಲ್ಲ. ಕೊನೆಗೆ ನೀಲೇಗೌಡ ಮಾಟಮಂತ್ರ ಮಾಡಿ ಅವಳನ್ನು ಗುಡಿಸಲೊಳಗೆ ಬಂಧಿಸಿ ಕಾಡಿಗೆ ಹೋಗುತ್ತಾನೆ. ಅವಳ ಮೊರೆ ಕೇಳಿ ಮಾದಪ್ಪ ಬರುತ್ತಾನೆ, ಕಟ್ಟು ಬಿಡಿಸುತ್ತಾನೆ, ಅವಳಿಗಳ ವರ ಕೊಡುತ್ತಾನೆ. ಅವರೇ ಕಾರಯ್ಯ, ಬಿಲ್ಲಯ್ಯ. ಪಿ.ಕೆ. ರಾಜಶೇಖರ ಅವರು 1973ರಲ್ಲಿ ಪ್ರಕಟಿಸಿದ ‘ಮಲೆಯ ಮಾದೇಶ್ವರ’ ಇರಲಿ, ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ್ದನ್ನು ಕೆ. ಕೇಶವನ್ ಪ್ರಸಾದ್ ಸಂಪಾದಿಸಿದ, ಹಂಪಿ ಕನ್ನಡ ವಿಶ್ವವಿದ್ಯಾಲಯದ ಆವೃತ್ತಿ ಇರಲಿ, ವಿವರಗಳು ಹೆಚ್ಚುಕಡಿಮೆಯಾದರೂ ಭಾಷೆ ಕೇಳುವ, ಕೊಡದಿರುವ ಈ ಗಂಟು ಸಡಿಲವಾಗುವುದಿಲ್ಲ.

ಈ ಸಾಲನ್ನು ನಾವು ಸಾಮಾನ್ಯವಾಗಿ ಶೀಲಪರೀಕ್ಷೆಯ ಕಥೆಯೆಂದು ಓದುತ್ತೇವೆ. ಸೀತೆಯ ಪಕ್ಕದಲ್ಲಿಟ್ಟು ಹೋಲಿಸುತ್ತೇವೆ, ಗಂಡಸಿನ ಅನುಮಾನದ ಬಗ್ಗೆ ಬರೆಯುತ್ತೇವೆ. ಆ ಓದು ತಪ್ಪಲ್ಲ. ಆದರೆ ಅದು ಸಂಕಮ್ಮ ಮಾಡಿದ ಕೆಲಸವನ್ನು ದಾಟಿ ಅವಳಿಗೆ ಆದದ್ದರ ಕಡೆಗೆ ಬೇಗ ಓಡುತ್ತದೆ. ಅವಳು ನಿಷ್ಠೆ ತೋರಲು ಹಿಂಜರಿದವಳಲ್ಲ. ಅವಳ ನಿಷ್ಠೆಗೆ ಕಾವ್ಯದಲ್ಲಿ ಎಲ್ಲೂ ಕುಂದಿಲ್ಲ. ಅವಳ ತಕರಾರು ಭಾಷೆಯ ಬಗ್ಗೆ. ತಪ್ಪು ಮಾಡುವುದಿಲ್ಲವೆಂದು ಆಣೆಯಿಟ್ಟರೆ, ತಪ್ಪು ಮಾಡಬಹುದಾದವಳು ತಾನು ಎಂದು ಒಪ್ಪಿಕೊಂಡ ಹಾಗೆ. ಕೈಮೇಲೆ ಕೈಯಿಟ್ಟ ಕೂಡಲೇ ಗಂಡನ ಅನುಮಾನಕ್ಕೆ ಅವಳ ಸಹಿ ಬಿದ್ದಂತಾಗುತ್ತದೆ. ಇದನ್ನು ನಾನು ಕಾನೂನಿನ ಪ್ರಶ್ನೆ ಎನ್ನುತ್ತೇನೆ.

ಕನ್ನಡದ ಪ್ರಸಿದ್ಧ ಭಾಷೆಗಳೆಲ್ಲ ಕೊಟ್ಟು ಉಳಿಸಿಕೊಂಡವು. ರಾಘವಾಂಕನ ಹರಿಶ್ಚಂದ್ರ ಕೊಟ್ಟ ಮಾತಿಗೆ ರಾಜ್ಯ ಬಿಟ್ಟ, ಹೆಂಡತಿ ಮಗನನ್ನು ಮಾರಿದ. ಗೋವಿನ ಹಾಡಿನ ಪುಣ್ಯಕೋಟಿ ಕರುವಿಗೆ ಹಾಲು ಕುಡಿಸಿ ಹುಲಿಯ ಬಳಿಗೆ ಹಿಂದಿರುಗಿತು. ಇವನ್ನು ಕೇಳಿ ಬೆಳೆದ ನಮಗೆ ಭಾಷೆಯ ದೊಡ್ಡಸ್ತಿಕೆ ಇರುವುದು ಉಳಿಸಿಕೊಳ್ಳುವುದರಲ್ಲಿ. ಕಾನೂನಿನ ಮೊದಲ ಪಾಠ ಬೇರೆ ಕಡೆಯಿಂದ ಶುರುವಾಗುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 14ನೆಯ ಕಲಮು ಮುಕ್ತ ಸಮ್ಮತಿ ಎಂದರೇನೆಂದು ಹೇಳುತ್ತದೆ. ಬಲಾತ್ಕಾರದಿಂದ, ಅನುಚಿತ ಪ್ರಭಾವದಿಂದ, ವಂಚನೆಯಿಂದ, ತಪ್ಪು ತಿಳಿವಳಿಕೆಯಿಂದ ಪಡೆದ ಒಪ್ಪಿಗೆ ಮುಕ್ತವಲ್ಲ. 15ನೆಯದು ಬಲಾತ್ಕಾರವನ್ನು, 16ನೆಯದು ಅನುಚಿತ ಪ್ರಭಾವವನ್ನು ವಿವರಿಸುತ್ತವೆ. ಒಬ್ಬರ ಮನಸ್ಸಿನ ಮೇಲೆ ಇನ್ನೊಬ್ಬರಿಗೆ ಹಿಡಿತ ಇರುವಂಥ ಸಂಬಂಧವಿದ್ದು, ಆ ಹಿಡಿತ ಬಳಸಿ ಅನ್ಯಾಯದ ಲಾಭ ಪಡೆದರೆ ಅದು ಅನುಚಿತ ಪ್ರಭಾವ.

ಇದನ್ನು ಓದಿದ ದಿನ ನಾನು ಪುಣ್ಯಕೋಟಿಗೆ ವಾಪಸು ಹೋದೆ. ಹಸು ಭಾಷೆ ಕೊಟ್ಟದ್ದು ಯಾವಾಗ? ಹುಲಿ ಅಡ್ಡಗಟ್ಟಿ ನಿಂತಾಗ. 15ನೆಯ ಕಲಮಿನ ಕಣ್ಣಲ್ಲಿ ನೋಡಿದರೆ ಕನ್ನಡದ ಮಕ್ಕಳೆಲ್ಲ ಬಾಯಿಪಾಠ ಮಾಡುವ ಆ ಭಾಷೆ ಜೀವಬೆದರಿಕೆಯಲ್ಲಿ ಪಡೆದದ್ದು. 19ನೆಯ ಕಲಮಿನ ಪ್ರಕಾರ ಇಂಥ ಒಪ್ಪಂದ ತಾನಾಗಿ ಬಿದ್ದುಹೋಗುವುದಿಲ್ಲ; ಬೆದರಿಕೆಗೆ ಒಳಗಾದವರು ಬೇಕಾದರೆ ಅದನ್ನು ಮುರಿಯಬಹುದು, ಬೇಕಾದರೆ ಉಳಿಸಬಹುದು. ಪುಣ್ಯಕೋಟಿಗೆ ಹಿಂದಿರುಗದೆ ಇರುವ ಹಕ್ಕಿತ್ತು. ಆ ಹಕ್ಕನ್ನು ಬಳಸದೆ ಹೋದದ್ದರಲ್ಲಿ ಅದರ ದೊಡ್ಡತನ ಇದೆ ಎಂದರೆ ನಾನು ಒಪ್ಪುತ್ತೇನೆ. ಆದರೆ ಹುಲಿಗೆ ಆ ಭಾಷೆ ಕೇಳುವ ಹಕ್ಕು ಎಲ್ಲಿಂದ ಬಂತು ಎಂದು ನಮ್ಮ ಶಾಲೆಯಲ್ಲಿ ಯಾರೂ ಕೇಳಲಿಲ್ಲ.

ಸಂಕಮ್ಮನ ಸಾಲು ಆ ಪ್ರಶ್ನೆಯನ್ನು ಕೇಳುತ್ತದೆ. ಕರಾರು ಕಾಯ್ದೆಯೂ ಕೇಳದಷ್ಟು ಕಟುವಾಗಿ ಕೇಳುತ್ತದೆ. ಕಾಯ್ದೆ ನೋಡುವುದು ಕೊಟ್ಟ ಮಾತನ್ನು: ಅದನ್ನು ಹೇಗೆ ಪಡೆದರು, ಅದು ನಿಲ್ಲುತ್ತದೆಯೇ. ಕೊಡದೆ ಇದ್ದವಳಿಗೆ ಏನಾಯಿತು ಎನ್ನುವುದು ಕರಾರಿನ ಪಾಠದಲ್ಲಿಲ್ಲ, ಏಕೆಂದರೆ ಅಲ್ಲಿ ಕರಾರೇ ಆಗಿಲ್ಲ. ಕಾವ್ಯ ಬೆಳೆಯುವುದು ಅಲ್ಲಿಂದಲೇ. ನೀಲೇಗೌಡ ಭಾಷೆ ಕೇಳಿದಾಗ ಅದು ಕೇಳಿಕೆಯ ಹಾಗೆ ಇತ್ತು. ಅವಳು ಇಲ್ಲವೆಂದ ಮೇಲೆ ಅವನು ಮಾಡಿದ ಕೆಲಸದಿಂದ, ಅದು ಮೊದಲಿನಿಂದಲೂ ಅಪ್ಪಣೆಯಾಗಿತ್ತು ಎಂದು ಗೊತ್ತಾಗುತ್ತದೆ. ಅವಳು ಭಾಷೆ ಕೊಟ್ಟಿದ್ದರೆ ಅವನ ಮಾಟಮಂತ್ರ ಹೊರಗೆ ಬರುತ್ತಲೇ ಇರಲಿಲ್ಲ. ಅವಳ ಒಪ್ಪಿಗೆ ಮುಕ್ತವಾಗಿತ್ತೆಂದೇ ಎಲ್ಲರೂ ನಂಬುತ್ತಿದ್ದರು. ಒಪ್ಪಿಗೆ ನಿಜವೋ ಸುಳ್ಳೋ ಎಂದು ತಿಳಿಯಬೇಕಾದರೆ ‘ಇಲ್ಲ’ ಎಂದವರಿಗೆ ಏನಾಗುತ್ತದೆ ಎಂದು ನೋಡಬೇಕು. ಸಂಕಮ್ಮನ ಸಾಲಿನಿಂದ ನಾನು ಕಲಿತ ಸೂತ್ರ ಇಷ್ಟು. ಉಳಿದದ್ದನ್ನೆಲ್ಲ ಇದರಿಂದಲೇ ಅಳೆದು ನೋಡುತ್ತೇನೆ.

ಮೊದಲು ಏಣಿಯ ಮೇಲಿನ ಮೆಟ್ಟಿಲು. ಅಂತರರಾಷ್ಟ್ರೀಯ ಕಾನೂನಿನ ಬುಡದಲ್ಲಿರುವುದು ಕೊಟ್ಟ ಭಾಷೆಗೆ ತಪ್ಪಬಾರದು ಎಂಬ ತತ್ವ. ಅದನ್ನು ಬರಹಕ್ಕಿಳಿಸಿದ್ದು ಒಪ್ಪಂದಗಳ ಕಾನೂನಿನ ಬಗೆಗಿನ 1969ರ ವಿಯೆನ್ನಾ ಒಡಂಬಡಿಕೆಯ 26ನೆಯ ವಿಧಿ. ಅದೇ ಒಡಂಬಡಿಕೆಯ 51 ಮತ್ತು 52ನೆಯ ವಿಧಿಗಳು ಬೆದರಿಕೆಯಿಂದ ಪಡೆದ ಭಾಷೆಗೆ ಬೆಲೆಯಿಲ್ಲ ಎನ್ನುತ್ತವೆ: ಪ್ರತಿನಿಧಿಯನ್ನು ಹೆದರಿಸಿ ಸಹಿ ಹಾಕಿಸಿದರೂ ಅಷ್ಟೆ, ದೇಶವನ್ನೇ ಬಲಪ್ರಯೋಗದಿಂದ ಹೆದರಿಸಿದರೂ ಅಷ್ಟೆ. ಹಣಕಾಸಿನ, ರಾಜಕೀಯದ ಒತ್ತಡವೂ ಬಲಪ್ರಯೋಗವೇ ಎಂದು ಹೊಸದಾಗಿ ಸ್ವತಂತ್ರವಾಗಿದ್ದ ದೇಶಗಳು ಆ ಸಮ್ಮೇಳನದಲ್ಲಿ ವಾದಿಸಿದವು. ಆ ಮಾತು ವಿಧಿಯೊಳಗೆ ಬರಲಿಲ್ಲ. ಜೊತೆಗೊಂದು ಘೋಷಣೆಯಾಗಿ ಅಂಟಿಕೊಂಡಿತು. ಬಡವನ ತಕರಾರು ಅಡಿಟಿಪ್ಪಣಿಗೆ ಹೋದ ಹಾಗೆ. ಭಾರತ ಈ ಒಡಂಬಡಿಕೆಗೆ ಇವತ್ತಿಗೂ ಸೇರಿಲ್ಲ.

ರಾಷ್ಟ್ರಾತೀತ ಕಾನೂನಿಗೆ ತರಗತಿಯಲ್ಲಿ ಕೊಡುವ ಉದಾಹರಣೆ ಯುರೋಪಿನದು. ಒಂದು ಡಚ್ ಸಾಗಣೆ ಕಂಪನಿ ಜರ್ಮನಿಯಿಂದ ತರಿಸಿದ ರಾಸಾಯನಿಕಕ್ಕೆ ಹೆಚ್ಚಿನ ಸುಂಕ ಹಾಕಿದ್ದನ್ನು ಪ್ರಶ್ನಿಸಿತು. ದೇಶಗಳು ತಮ್ಮತಮ್ಮೊಳಗೆ ಕೊಟ್ಟುಕೊಂಡ ಭಾಷೆಯ ಮೇಲೆ ಅಲ್ಲಿನ ಸಾಮಾನ್ಯ ಪ್ರಜೆಗೂ ನೇರ ಹಕ್ಕಿದೆ ಎಂದು ಯುರೋಪಿನ ನ್ಯಾಯಾಲಯ 1963ರಲ್ಲಿ ಹೇಳಿತು. ಮರುವರ್ಷ, ಆ ಕಾನೂನು ದೇಶದ ಕಾನೂನಿಗಿಂತ ಮೇಲು ಎಂದೂ ಹೇಳಿತು. ಸಂಕಮ್ಮನ ಸೂತ್ರ ಇಲ್ಲಿ ಏನು ಹೇಳುತ್ತದೆ? ಬ್ರಿಟನ್ 2016ರಲ್ಲಿ ಮತ ಹಾಕಿ 2020ರಲ್ಲಿ ಹೊರಬಂತು. ಬಹಳ ಕಷ್ಟವಾಯಿತು, ಖರ್ಚಾಯಿತು. ಆದರೂ ಯಾರೂ ಗುಡಿಸಲಿಗೆ ಬೀಗ ಹಾಕಲಿಲ್ಲ. ಒಪ್ಪಂದದೊಳಗೇ ಹೊರಹೋಗುವ ಬಾಗಿಲಿತ್ತು. ಆ ಬಾಗಿಲಿದ್ದುದರಿಂದಲೇ ಒಳಗೆ ಕೊಟ್ಟ ಭಾಷೆಗೆ ತೂಕ ಬರುತ್ತದೆ.

ನಮ್ಮ ನೆಲಕ್ಕೆ ಬಂದರೆ ಪಾಠ ಇಷ್ಟು ಸರಳವಲ್ಲ. ಇವತ್ತು ಒಂದೇ ಚಾಮರಾಜನಗರ ಜಿಲ್ಲೆಯಲ್ಲಿರುವ ಕೊಳ್ಳೇಗಾಲ, ಹನೂರು, ಯಳಂದೂರುಗಳು 1956ರ ನವೆಂಬರ್ 1ರವರೆಗೆ ಬೇರೆಬೇರೆ ಸರ್ಕಾರಗಳ ಕೆಳಗಿದ್ದವು. ಹನೂರು ಸೇರಿದಂತೆ ಕೊಳ್ಳೇಗಾಲ ತಾಲ್ಲೂಕು ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಹೋದ ಯಳಂದೂರು ಮೈಸೂರಿನದು. ಮದ್ರಾಸಿನ ಕಡೆಯ ಕಾಡಿಗೆ 1882ರ ಮದ್ರಾಸು ಅರಣ್ಯ ಕಾಯ್ದೆ, ಮೈಸೂರಿನ ಕಡೆಗೆ 1900ರ ಮೈಸೂರು ಅರಣ್ಯ ರೆಗ್ಯುಲೇಷನ್. ಬಿಳಿಗಿರಿರಂಗನ ಬೆಟ್ಟದ ಸಾಲು ಎರಡೂ ಕಡೆ ಚಾಚಿತ್ತು. ಜೇನುಹುಳು ಯಾವ ಕಾಯ್ದೆಯ ಮರದಲ್ಲಿ ಗೂಡು ಕಟ್ಟಿದೆ ಎಂದು ನೋಡಿಕೊಂಡು ಹತ್ತುವ ಸೋಲಿಗ ಇದ್ದಿರಲಾರ.

ಕಾವೇರಿಯ 1924ರ ಒಪ್ಪಂದವನ್ನು ಈ ನೆಲದ ಮೇಲೆ ನಿಂತು ಓದಬೇಕು. ಕನ್ನಂಬಾಡಿ ಕಟ್ಟೆಯ ಎತ್ತರದ ಜಗಳದಲ್ಲಿ ಪಂಚಾಯ್ತಿಗೆ ಕೂತ ಎಚ್.ಡಿ. ಗ್ರಿಫಿನ್ 1914ರಲ್ಲಿ ಮೈಸೂರಿಗೆ ಅನುಕೂಲವಾದ ತೀರ್ಪು ಕೊಟ್ಟರು. ಭಾರತ ಸರ್ಕಾರ ಅದನ್ನು ಒಪ್ಪಿತು. ಮದ್ರಾಸು ಒಪ್ಪದೆ ಮೇಲಕ್ಕೆ ಹೋಯಿತು, ಲಂಡನ್ನಿನಲ್ಲಿದ್ದ ಭಾರತ ಮಂತ್ರಿ ಮುಗಿದ ವ್ಯಾಜ್ಯವನ್ನು ಮತ್ತೆ ತೆರೆಸಿದರು. ಮೈಸೂರು ಕೊನೆಗೆ 1924ರಲ್ಲಿ ಸಹಿ ಹಾಕಿತು. ಅಂದರೆ ಮೈಸೂರು ಒಮ್ಮೆ ‘ಇಲ್ಲ’ ಎಂದು ಗೆದ್ದೂ ಆಗಿತ್ತು. ಏಣಿಯ ತುದಿಯಲ್ಲಿದ್ದವರು ಆ ಗೆಲುವನ್ನು ನಿಲ್ಲಗೊಡಲಿಲ್ಲ. ಪರಮಾಧಿಕಾರದ ನೆರಳಿನಲ್ಲಿ ಸಮಾನರಲ್ಲದವರ ನಡುವೆ ಆದ ಒಪ್ಪಂದವಿದು ಎಂದು ಕರ್ನಾಟಕ ಮುಂದೆ ದಶಕಗಳ ಕಾಲ ವಾದಿಸಿತು. ಸುಪ್ರೀಂ ಕೋರ್ಟು 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಆ ವಾದವನ್ನು ಒಪ್ಪಲಿಲ್ಲ. ಒಪ್ಪಂದ ಅನ್ಯಾಯದ್ದೆನ್ನಲಾಗದು, ಆದರೆ ಅದರ 50 ವರ್ಷದ ಅವಧಿ 1974ಕ್ಕೆ ಮುಗಿಯಿತು ಎಂದಿತು. ನೀರಿನ ಹಂಚಿಕೆಗೆ ಕೋರ್ಟು ನೋಡಿದ್ದು ಹೆಲ್ಸಿಂಕಿ ನಿಯಮಗಳಂಥ ಅಂತರರಾಷ್ಟ್ರೀಯ ತತ್ವಗಳನ್ನೂ.

ಕೋರ್ಟಿನ ತರ್ಕವನ್ನು ನಾನು ತಳ್ಳಿಹಾಕುತ್ತಿಲ್ಲ. ಮೈಸೂರಿಗೆ ಚೌಕಾಸಿ ಮಾಡುವ ಶಕ್ತಿಯಿತ್ತು. ಕಟ್ಟೆ ಎದ್ದಿತು, ಲಾಭವೂ ಆಯಿತು. ಸಂಕಮ್ಮನ ಸ್ಥಿತಿ ಮೈಸೂರಿನದಲ್ಲ. ಆದರೆ ಆ ಒಪ್ಪಂದದಲ್ಲಿ ಕೊಳ್ಳೇಗಾಲದ ರೈತ ಎಲ್ಲಿದ್ದ? 1924ರಲ್ಲಿ ಅವನು ಕಾಗದದ ಮೇಲೆ ಮದ್ರಾಸಿನ ಕಡೆ, ಹತ್ತಿರದ ಯಳಂದೂರಿನ ನೆಂಟ ಮೈಸೂರಿನ ಕಡೆ. 1956ರ ನಂತರ ಅವನೇ ಕರ್ನಾಟಕದವನಾಗಿ, ತನ್ನ ಹಳೆಯ ಸರ್ಕಾರದ ಎದುರು ನಿಂತ. ಅವನ ಗದ್ದೆ ಇದ್ದಲ್ಲೇ ಇತ್ತು. ಯಾವ ಪಕ್ಷದಲ್ಲಿರಬೇಕೆಂದು ಅವನ ಬಲಗೈಯನ್ನು ಎರಡು ಸಲವೂ ಯಾರೂ ಕೇಳಲಿಲ್ಲ. ರಾಜ್ಯಗಳ ನಡುವಿನ ಭಾಷೆಯನ್ನು ಓದುವಾಗ ಅದರೊಳಗೆ ಭಾಷೆ ಕೇಳಿಸಿಕೊಳ್ಳದವರೂ ಇದ್ದಾರೆಂಬುದು ಕಾನೂನಿನ ಪಠ್ಯದಲ್ಲಿ ಮರೆತುಹೋಗುತ್ತದೆ.

ಇನ್ನು ಸಂಕಮ್ಮನ ಮನೆಯವರ ಕಡೆಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಹಿಂದೆಯೇ 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾಯಿತು. ಬೇಟೆ ನಿಂತಿತು, ಕಾಡೊಳಗಿನ ಸುತ್ತು ಬೇಸಾಯ ನಿಂತಿತು, ಸೋಲಿಗರು ಪೋಡುಗಳಲ್ಲಿ ನೆಲೆ ನಿಲ್ಲಬೇಕಾಯಿತು. ಕಾಯ್ದೆಯ 2002ರ ತಿದ್ದುಪಡಿಯ ಬಳಿಕ ಮಾರಾಟಕ್ಕಾಗಿ ಜೇನು, ನೆಲ್ಲಿ, ಪಾಚಿ ತೆಗೆಯುವುದಕ್ಕೂ ತಡೆ ಬಂತು. ನೀಲೇಗೌಡ ಹೆಂಡತಿಯಿಂದ ಭಾಷೆ ಕೇಳಿದ್ದು ಜೇನಿಗೆ ಹೋಗುವ ಮುಂಚೆ. ಈಗ ಅವನ ಮೊಮ್ಮಕ್ಕಳು ಜೇನಿಗೆ ಹೋಗಬೇಕಾದರೆ ಸರ್ಕಾರದ ಮುಂದೆ ಕೈಚಾಚಬೇಕಾಯಿತು.

ಇಲ್ಲಿ ಏಣಿಯ ಚಿತ್ರ ನನಗೆ ಪೂರ್ತಿ ಕೈಕೊಟ್ಟಿತು. ಮೇಲಿನ ಮೆಟ್ಟಿಲಲ್ಲಿ ಹೆಚ್ಚು ನ್ಯಾಯ ಸಿಗುತ್ತದೆ ಎಂದು ನಾನು ನಂಬಿದ್ದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1957ರ 107ನೆಯ ಒಡಂಬಡಿಕೆಯನ್ನು ಭಾರತ 1958ರಲ್ಲಿ ಒಪ್ಪಿಕೊಂಡಿದೆ. ಬುಡಕಟ್ಟಿನ ಜನರನ್ನು ಅವರ ಮುಕ್ತ ಸಮ್ಮತಿಯಿಲ್ಲದೆ ನೆಲದಿಂದ ಎಬ್ಬಿಸಬಾರದು ಎಂದು ಅದರ 12ನೆಯ ವಿಧಿ ಹೇಳುತ್ತದೆ. ಆಮೇಲೆ ಒಂದು ‘ಆದರೆ’ ಸೇರಿಸುತ್ತದೆ: ದೇಶದ ಭದ್ರತೆ, ದೇಶದ ಆರ್ಥಿಕ ಅಭಿವೃದ್ಧಿ, ಆ ಜನರದೇ ಆರೋಗ್ಯ, ಈ ಕಾರಣಗಳಿದ್ದರೆ ದೇಶದ ಕಾನೂನಿನಂತೆ ಎಬ್ಬಿಸಬಹುದು. ‘ಇಲ್ಲ’ ಎಂದವರಿಗೆ ಏನಾಗುತ್ತದೆಂಬ ಪ್ರಶ್ನೆಗೆ ಉತ್ತರ ಆ ‘ಆದರೆ’ಯಲ್ಲೇ ಇದೆ. ಅದಕ್ಕಿಂತ ಮುಂದೆ ಹೋದ 1989ರ 169ನೆಯ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ. ಮೂಲನಿವಾಸಿಗಳ ಹಕ್ಕುಗಳ ಬಗೆಗಿನ ವಿಶ್ವಸಂಸ್ಥೆಯ 2007ರ ಘೋಷಣೆಗೆ ಮತ ಹಾಕಿದೆ; ಆದರೆ ಘೋಷಣೆ ಯಾರನ್ನೂ ಕಟ್ಟಿಹಾಕುವ ಭಾಷೆಯಲ್ಲ.

ಇದಕ್ಕೆ ಹೋಲಿಸಿದರೆ ಕೆಳಗಿನ ಮೆಟ್ಟಿಲಿನ 2006ರ ಅರಣ್ಯ ಹಕ್ಕು ಕಾಯ್ದೆ ಗಟ್ಟಿಯಾಗಿದೆ. ವನ್ಯಜೀವಿಗಳಿಗಾಗಿ ಜನರನ್ನು ಬೇರೆಡೆಗೆ ಸಾಗಿಸಬೇಕಾದರೆ ಸಂಬಂಧಪಟ್ಟ ಗ್ರಾಮಸಭೆ ವಿಷಯ ತಿಳಿದು, ಮುಕ್ತವಾಗಿ, ಬರಹದಲ್ಲಿ ಒಪ್ಪಿಗೆ ಕೊಟ್ಟಿರಬೇಕು ಎನ್ನುತ್ತದೆ ಅದರ 4ನೆಯ ಕಲಮು. ಈ ಕಾಯ್ದೆಯಡಿ 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಅದೇ ವರ್ಷದ ಆರಂಭದಲ್ಲಿ ಆ ಕಾಡು ಹುಲಿ ಮೀಸಲು ಪ್ರದೇಶವಾಗಿತ್ತು. ಹುಲಿಗೂ ಜೇನು ಕೀಳುವವರಿಗೂ ಒಂದೇ ವರ್ಷದಲ್ಲಿ ಒಂದೇ ಕಾಡಿನ ಮೇಲೆ ಕಾನೂನು ಭಾಷೆ ಕೊಟ್ಟಿತು. ಪುಣ್ಯಕೋಟಿಯ ಕಥೆ ಕೇಳಿ ಬೆಳೆದವರಿಗೆ ಇದರ ತೊಡಕು ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನಿನ ಪಾಠವನ್ನು ಕಾವ್ಯದಿಂದ ಅಳೆದ ಮೇಲೆ ಕಾವ್ಯವನ್ನೂ ಅದೇ ಸೂತ್ರದಿಂದ ಅಳೆಯಬೇಕು. ಇಲ್ಲವಾದರೆ ವಿಮರ್ಶೆ ಭಕ್ತಿಯಾಗುತ್ತದೆ. ಈ ಓದಿನಲ್ಲಿ ನನಗಿದ್ದ ದೊಡ್ಡ ಆಸೆಯೆಂದರೆ ಮಾದಪ್ಪನನ್ನು ಮೇಲಿನ ನ್ಯಾಯಾಲಯ ಎಂದು ಓದುವುದು. ಮನೆಯೊಳಗಿನ ಅನ್ಯಾಯಕ್ಕೆ ಹೊರಗಿನಿಂದ, ಮೇಲಿನಿಂದ ಬಂದ ಪರಿಹಾರ ಅವನು. ದೇವತೆಗಳನ್ನೇ ಸೆರೆಯಲ್ಲಿಟ್ಟ ಶ್ರವಣ ದೊರೆಯನ್ನು ಉಪಾಯದಿಂದ ಕೊಂದವನೂ ಅವನೇ. ರಾಜ್ಯವನ್ನು ಮೀರಿದ ಕಾನೂನಿಗೆ ಇದಕ್ಕಿಂತ ಒಳ್ಳೆಯ ರೂಪಕ ಎಲ್ಲಿ ಸಿಗುತ್ತದೆ? ಒಂದು ಅಧ್ಯಾಯವನ್ನು ಹಾಗೆಯೇ ಬರೆದೂ ಇದ್ದೆ.

ಬೇವಿನಹಟ್ಟಿ ಕಾಳಮ್ಮನ ಸಾಲು ಆ ಅಧ್ಯಾಯವನ್ನು ಕೆಡಿಸಿತು. ಸಿರಿವಂತೆ ಕಾಳಮ್ಮನ ಬಾಗಿಲಿಗೆ ಮಾದಪ್ಪ ಭಿಕ್ಷೆಗೆ ಬರುತ್ತಾನೆ. ಅವಳು ಇಲ್ಲವೆನ್ನುತ್ತಾಳೆ. ಅವಳ ಬದುಕು ಹಾಳಾಗುತ್ತದೆ. ಕಾಳಮ್ಮ ಜಿಪುಣಿ, ಜಂಬದವಳು, ಅವಳಿಗೆ ತಕ್ಕ ಶಾಸ್ತಿ ಎಂದು ಕೇಳುವವರು ತಲೆದೂಗುತ್ತಾರೆ, ನಾನೂ ದೂಗಿದ್ದೇನೆ. ಆದರೆ ‘ಇಲ್ಲ’ ಎಂದವರಿಗೆ ಏನಾಯಿತು ಎಂಬ ಪ್ರಶ್ನೆಗೆ ಒಳ್ಳೆಯ ಹೆಂಗಸು, ಕೆಟ್ಟ ಹೆಂಗಸು ಎಂಬ ಭೇದವಿಲ್ಲ. ಮಲೆ ಸುತ್ತಿ ಒಕ್ಕಲು ಮಾಡಿಕೊಳ್ಳಲು ಹೊರಟ ಮಾದಪ್ಪನ ಕೇಳಿಕೆಯೂ, ನಿರಾಕರಿಸಿದವರ ಮಟ್ಟಿಗೆ, ಅಪ್ಪಣೆಯೇ. ಸಂಕಮ್ಮನ ಕಟ್ಟು ಬಿಡಿಸಿದ ಕೈಯೇ ಕಾಳಮ್ಮನ ಸಿರಿ ಅಳಿಸಿತು. ಸಂಕಮ್ಮನೂ ಕೊನೆಗೆ ಅವನ ಒಕ್ಕಲಾಗುತ್ತಾಳೆ. ಗಂಡನಿಗೆ ಕೊಡದ ಬಲಗೈಯನ್ನು ದೇವರಿಗೆ ಜೋಡಿಸಿದ್ದು ಅವಳ ಇಷ್ಟವೋ, ಬೇರೆ ದಾರಿಯಿಲ್ಲದ ಇಕ್ಕಟ್ಟೋ? ಕಾವ್ಯ ಇದನ್ನು ಭಕ್ತಿ ಎಂದು ಕರೆದು ಮುಂದಕ್ಕೆ ಹೋಗುತ್ತದೆ. ಓದುವವರು ಅಷ್ಟು ಬೇಗ ಹೋಗಬಾರದು ಎಂದು ನನಗನ್ನಿಸುತ್ತದೆ.

ಹಾಗೆಂದು ಕಾವ್ಯದ ಬೆಲೆ ಕಡಿಮೆಯಾಗುವುದಿಲ್ಲ. ತನ್ನ ದೇವರನ್ನೇ ಅಳೆಯಬಲ್ಲ ಕೋಲನ್ನು ಅದು ತನ್ನದೇ ಒಂದು ಸಾಲಿನಲ್ಲಿ ನಮ್ಮ ಕೈಗೆ ಕೊಟ್ಟಿದೆ. ಕಂಸಾಳೆ ಹಿಡಿದು ಇದನ್ನು ಉಳಿಸಿಕೊಂಡು ಬಂದ ದೇವರಗುಡ್ಡರು ಸಂಕಮ್ಮನನ್ನೂ ಕಾಳಮ್ಮನನ್ನೂ ಒಂದೇ ಕಥೆಯೊಳಗೆ ಇಟ್ಟಿದ್ದಾರೆ. ಒಂದನ್ನು ಕೇಳಿ ಇನ್ನೊಂದನ್ನು ಮರೆಯುವ ತಪ್ಪು ನಮ್ಮದು, ಅಧ್ಯಾಯ ಅಧ್ಯಾಯವಾಗಿ ಪಠ್ಯಕ್ಕೆ ಆರಿಸಿಕೊಳ್ಳುವವರದು.

ನನ್ನದೊಂದು ಸಣ್ಣ ಸಲಹೆ ಇದೆ. ಕಾನೂನು ಓದುವ ವಿದ್ಯಾರ್ಥಿಗಳಿಗೆ ಮುಕ್ತ ಸಮ್ಮತಿಯ ಪಾಠ ಮಾಡುವಾಗ ಇಂಗ್ಲೆಂಡಿನ ಹಳೆಯ ಮೊಕದ್ದಮೆಗಳ ಜೊತೆಗೆ ಸಂಕಮ್ಮನ ಸಾಲನ್ನೂ ಇಡಬಹುದು. ಜಾನಪದ ಎಂ.ಎ. ತರಗತಿಯಲ್ಲಿ ಈ ಸಾಲನ್ನು ಓದಿಸುವಾಗ ಕರಾರು ಕಾಯ್ದೆಯ 14ರಿಂದ 19ರವರೆಗಿನ ಕಲಮುಗಳನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಕೊಡಬಹುದು. ಇದರಿಂದ ಪೋಡಿನ ಗ್ರಾಮಸಭೆಗೂ ಪ್ರಯೋಜನವಿದೆ. ಅಲ್ಲಿ ಠರಾವು ಓದಿ, ಹೆಬ್ಬೆಟ್ಟು ಒತ್ತಿಸಿಕೊಳ್ಳಲು ನಾಳೆ ಹೋಗುವ ಅಧಿಕಾರಿ, ವಕೀಲ, ಮೇಷ್ಟ್ರು ಇವತ್ತು ಇದೇ ತರಗತಿಗಳಲ್ಲಿ ಕೂತಿದ್ದಾರೆ.

ಸೆಮಿಸ್ಟರಿನ ಕೊನೆಯಲ್ಲಿ ಮೇಷ್ಟ್ರಿಗೆ ಸಂಕಮ್ಮನ ಕಥೆ ಹೇಳಿದೆ. ಅವರು ಪೂರ್ತಿ ಕೇಳಿ, ‘ಅವಳು ಭಾಷೆ ಕೊಡಲಿಲ್ಲ ಅಂದ್ಮೇಲೆ ಕರಾರೇ ಆಗಲಿಲ್ವಲ್ಲಮ್ಮ, ಕೇಸು ಎಲ್ಲಿದೆ?’ ಎಂದರು. ಕರಾರು ಕಾಯ್ದೆಯ ಮಟ್ಟಿಗೆ ಅವರ ಮಾತು ಸರಿ. ನಾನು ಗುಡಿಸಲಿನ ಒಳಗಿದ್ದವಳ ಬಗ್ಗೆ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದು ಬೇರೆ ಪೇಪರ್’ ಎಂದರು.